ಹುಲ್ಲುಹಾಸಿನ ಅಂಚಿನ ಮೇಲೆ ಒಂದು ಕಣ್ಣಿರಲಿ
ದಾಂಡೇಲಿ, ಜೋಯಿಡಾ, ಹಳಿಯಾಳ, ಮುಂಡಗೋಡದ ರೆಸಾರ್ಟ್, ಹೋಂಸ್ಟೇ ನಡೆಸುವವರಿಗೆ ಬಹಿರಂಗ ಪತ್ರ

ಮಾನ್ಯ ರೆಸಾರ್ಟ್ ಮಾಲೀಕರೇ, ಹೋಂಸ್ಟೇ ನಡೆಸುವ ಅಕ್ಕ-ಅಣ್ಣಂದಿರೇ, ಮ್ಯಾನೇಜರುಗಳೇ,



ಮಳೆ ಹೊಳವಾದ ಮೇಲೆ ನಿಮ್ಮ ದುಡಿಮೆಯ ಕಾಲ ಶುರುವಾಗುತ್ತದೆ. ದಸರೆಯಿಂದಲೇ ಹುಬ್ಬಳ್ಳಿ, ಬೆಳಗಾವಿ, ಪುಣೆ, ಬೆಂಗಳೂರಿನ ಕಾರುಗಳು ದಾಂಡೇಲಿ ದಾಟಿ ಗಣೇಶಗುಡಿಯ ಕಡೆಗೆ ಹೊರಳುತ್ತವೆ. ಕಾಳಿ ನದಿಯಲ್ಲಿ ರಾಫ್ಟಿಂಗ್, ಕಾಡಿನಲ್ಲಿ ಸಫಾರಿ, ಸಂಜೆಗೆ ಲಾನ್ ಮೇಲೆ ಕುರ್ಚಿ, ರಾತ್ರಿಗೆ ಬೆಂಕಿ. ಇದಕ್ಕೆಂದು ನೀವು ಹುಲ್ಲು ಕತ್ತರಿಸಿ, ಹಣ್ಣೆಲೆ ಗುಡಿಸಿ, ಹೂಕುಂಡಗಳಿಗೆ ಬಣ್ಣ ಬಳಿಯುವ ಗಡಿಬಿಡಿಯಲ್ಲಿರುತ್ತೀರಿ. ಆ ಗಡಿಬಿಡಿಯ ನಡುವೆಯೇ ಈ ಪತ್ರ ಓದಿ ಎಂದು ಕೇಳಿಕೊಳ್ಳುತ್ತೇನೆ. ನಾನು ಹೇಳಬೇಕೆಂದಿರುವುದು ನಿಮ್ಮ ಲಾನಿನ ವಿಷಯವನ್ನೇ. ಅದರಲ್ಲೂ ಲಾನ್ ಮುಗಿದು ಕಾಡು ಶುರುವಾಗುವ ಆ ನಾಲ್ಕು ಮಾರು ಜಾಗದ ವಿಷಯವನ್ನು.

ನಿಮ್ಮಲ್ಲಿಗೆ ಬರುವ ಅತಿಥಿಗಳನ್ನು ಗಮನಿಸಿ ನೋಡಿ. ಸಫಾರಿಗೆ ಹೊರಟಾಗ ಪೂರ್ತಿ ತೋಳಿನ ಅಂಗಿ, ಬೂಟು, ಟೋಪಿ. ಜೀಪಿನಿಂದ ಕೆಳಗಿಳಿಯದಿದ್ದರೂ ಅಷ್ಟು ತಯಾರಿ. ವಾಪಸು ಬಂದು ಲಾನ್ ಮೇಲೆ ಕಾಲಿಟ್ಟ ಕೂಡಲೇ ಚಪ್ಪಲಿ ಬಿಡುತ್ತಾರೆ, ಚಡ್ಡಿ ಹಾಕುತ್ತಾರೆ, ಮಕ್ಕಳನ್ನು ಹುಲ್ಲಿನ ಮೇಲೆ ಉರುಳಾಡಲು ಬಿಡುತ್ತಾರೆ. ಚೆಂಡು ಪೊದೆಯೊಳಗೆ ಹೋದರೆ ಹುಡುಗ ಬರಿಗಾಲಲ್ಲೇ ನುಗ್ಗಿ ತರುತ್ತಾನೆ. ಕಾಡು ಅಂದರೆ ಅಪಾಯ, ಕತ್ತರಿಸಿದ ಹುಲ್ಲು ಅಂದರೆ ಸುರಕ್ಷಿತ ಎಂಬ ನಂಬಿಕೆ ಅವರದು. ಆ ನಂಬಿಕೆಯನ್ನು ಮಾರಿಯೇ ನಮ್ಮ ಸೀಮೆಯ ಪ್ರವಾಸೋದ್ಯಮ ನಡೆಯುತ್ತಿದೆ. ಅದನ್ನು ಉಳಿಸಿಕೊಳ್ಳುವ ಹೊಣೆಯೂ ನಮ್ಮದೇ.

ಉಣುಗಿನ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ದನದ ಕಿವಿಯಲ್ಲಿ, ನಾಯಿಯ ಕಾಲ್ಬೆರಳ ಸಂದಿಯಲ್ಲಿ ಅದನ್ನು ಕಾಣದವರು ಈ ಕಡೆ ಯಾರೂ ಇಲ್ಲ. ಆದರೆ ಮನುಷ್ಯರಿಗೆ ಕಾಯಿಲೆ ದಾಟಿಸುವುದು ರಕ್ತ ಕುಡಿದು ಉಬ್ಬಿದ ಆ ದೊಡ್ಡ ಉಣುಗಲ್ಲ. ಎಳ್ಳಿನ ಕಾಳಿನಷ್ಟೂ ಇಲ್ಲದ ಮರಿ ಉಣುಗು. ಅದು ಕಚ್ಚಿದ್ದು ನೋಯುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಸ್ನಾನಕ್ಕೆ ಇಳಿದಾಗ ಮಂಡಿಯ ಹಿಂದೆ ಒಂದು ಕಪ್ಪು ಚುಕ್ಕೆ ಬೆರಳಿಗೆ ತಾಗಿದರೆ ಅದೃಷ್ಟ.

ಈ ಮರಿ ಉಣುಗು ಹೊತ್ತು ತಿರುಗಬಹುದಾದ ಕಾಯಿಲೆಗಳಲ್ಲಿ ನಮಗೆ ಹತ್ತಿರದ್ದು ಕ್ಯಾಸನೂರು ಕಾಡಿನ ಕಾಯಿಲೆ, ಜನರ ಬಾಯಲ್ಲಿ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದವು. ಸುತ್ತಲ ಊರುಗಳ ಜನ ಜ್ವರದಿಂದ ಮಲಗಿದರು. ಆಫ್ರಿಕಾದ ಹಳದಿ ಜ್ವರ ಇಲ್ಲಿಗೂ ಬಂತೇ ಎಂಬ ಆತಂಕ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಸಿಕ್ಕಿದ್ದು ಲೋಕಕ್ಕೇ ಹೊಸದಾದ ಒಂದು ವೈರಸ್. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಅದು ದಾಯಾದಿ. ಸೋಂಕು ತಗಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಬದುಕುಳಿದವರೂ ವಾರಗಟ್ಟಲೆ ಏಳಲಾರರು. ಒಮ್ಮೆ ಜ್ವರ ಬಿಟ್ಟಂತಾಗಿ, ಮತ್ತೆ ಮರುಕಳಿಸಿ ತಲೆಗೆ ಏರುವುದೂ ಉಂಟು.

ಹಲವು ವರ್ಷ ಅದು ಶಿವಮೊಗ್ಗ ಜಿಲ್ಲೆಯ ಕಾಯಿಲೆ ಎಂದೇ ನಾವೆಲ್ಲ ನಿರಾಳವಾಗಿದ್ದೆವು. ಆಮೇಲೆ ಅದು ನಡೆದು ಬಂದ ದಾರಿಯನ್ನು ನೋಡಿ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡಲು ಕಾಡು ಕಡಿದ ಜಾಗದಲ್ಲಿ ದೊಡ್ಡದಾಗಿ ಎದ್ದಿತು. 2012ರಲ್ಲಿ ಬಂಡೀಪುರ, ಅನಂತರ ಕೇರಳದ ವಯನಾಡು. 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕು, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ 2024ರಲ್ಲಿ ಸಾವುಗಳಾದವು. ಈಗ ನಕ್ಷೆ ತೆರೆದು ಬೆರಳಿಡಿ. ದಕ್ಷಿಣಕ್ಕೆ ಸಿದ್ದಾಪುರ, ವಾಯವ್ಯಕ್ಕೆ ಸತ್ತರಿ, ಸಿಂಧುದುರ್ಗ. ಈ ಎರಡರ ನಡುವೆ ಮಲಗಿರುವ ಕಾಡೇ ಜೋಯಿಡಾ, ದಾಂಡೇಲಿ. ಅದೇ ಮಳೆ, ಅದೇ ಮರ, ಅದೇ ಮಂಗ, ಅದೇ ದನ.

ಇನ್ನು ಉಣುಗಿನ ಪಂಚಾಂಗ. ಮಂಗನ ಕಾಯಿಲೆ ಹರಡುವ ಮುಖ್ಯ ಜಾತಿಯ ಉಣುಗು ಮೊಟ್ಟೆಯೊಡೆದು ಹೊರಬಂದ ಮೇಲೆ ಮೂರು ಹಂತ ದಾಟುತ್ತದೆ. ಪ್ರತಿ ಹಂತದಲ್ಲೂ ಒಂದೊಂದು ಪ್ರಾಣಿಯ ರಕ್ತ ಕುಡಿದು ನೆಲಕ್ಕೆ ಉದುರಿ, ಪೊರೆ ಕಳಚಿ, ಮುಂದಿನ ಪ್ರಾಣಿಗಾಗಿ ಕಾಯುತ್ತದೆ. ಬೆಳೆದವು ಮಳೆಗಾಲದಲ್ಲಿ ದನಕರುಗಳ ಮೈಮೇಲೆ. ರಕ್ತ ಕುಡಿದ ಹೆಣ್ಣು ನೆಲಕ್ಕೆ ಬಿದ್ದು ತರಗೆಲೆಯಡಿ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಮಳೆ ನಿಂತ ಮೇಲೆ ಮೊಟ್ಟೆಯಿಂದ ಹೊರಬಂದ ಮರಿಗಳು ಇಲಿ, ಹಕ್ಕಿ, ಮಂಗಗಳನ್ನು ಹತ್ತುತ್ತವೆ. ಅವು ಬೆಳೆದು ಎರಡನೆಯ ಹಂತಕ್ಕೆ ಬರುವುದು ನವೆಂಬರಿನಿಂದ ಮೇ ತನಕ. ಮನುಷ್ಯರನ್ನು ಕಚ್ಚುವುದು ಹೆಚ್ಚಾಗಿ ಈ ಎರಡನೆಯ ಹಂತದವೇ.

ನವೆಂಬರಿನಿಂದ ಮೇ. ನಿಮ್ಮ ಬುಕಿಂಗ್ ರಿಜಿಸ್ಟರಿನಲ್ಲಿ ಖಾಲಿ ಸಾಲುಗಳಿಲ್ಲದ ತಿಂಗಳುಗಳೂ ಅವೇ. ಕ್ರಿಸ್‌ಮಸ್, ಸಂಕ್ರಾಂತಿ, ಜನವರಿ 26ರ ಸಾಲು ರಜೆ, ಬೇಸಿಗೆ ರಜೆ ಎಲ್ಲ ಉಣುಗಿನ ಸುಗ್ಗಿಯೊಳಗೇ ಬರುತ್ತವೆ. ಉಲವಿ ಚೆನ್ನಬಸವಣ್ಣನ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯಿಂದ ಎತ್ತಿನ ಚಕ್ಕಡಿಗಳು ಸಾಲುಗಟ್ಟಿ ನಮ್ಮ ರಸ್ತೆ ಹಿಡಿದು ಬರುವುದೂ, ದಾರಿಯ ಮರದಡಿ ಬಿಡಾರ ಹೂಡುವುದೂ ಇದೇ ದಿನಗಳಲ್ಲಿ.

ಹಾಗಾದರೆ ಚೆನ್ನಾಗಿ ನೋಡಿಕೊಂಡ ಲಾನಿನಲ್ಲಿ ಉಣುಗು ಇರುತ್ತದೆಯೇ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಇದನ್ನು ಗಂಭೀರವಾಗಿ ತೆಗೆದುಕೊಂಡು ಉತ್ತರ ಹುಡುಕಿದವರು ಅಮೆರಿಕದವರು. ಅಲ್ಲಿ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನಲ್ಲಿ 1970ರ ದಶಕದಲ್ಲಿ ಮಕ್ಕಳಿಗೆ ಕೀಲುಬಾವು ಹೆಚ್ಚಾಗಿ, ಕೊನೆಗೆ ಅದು ಉಣುಗಿನಿಂದ ಬಂದದ್ದೆಂದು ಗೊತ್ತಾಗಿ, ಆ ಕಾಯಿಲೆಗೆ ಊರಿನ ಹೆಸರೇ ನಿಂತಿತು. ಕಾಡಿನ ಮಗ್ಗುಲಲ್ಲಿ ಮನೆ ಕಟ್ಟಿ ಸುತ್ತ ಲಾನ್ ಬೆಳೆಸಿದ ಊರುಗಳು ಅವು; ಒಂದರ್ಥದಲ್ಲಿ ನಿಮ್ಮ ರೆಸಾರ್ಟುಗಳ ಹಾಗೆಯೇ. ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಚೆಸ್ಟರ್ ಎಂಬಲ್ಲಿ ಮನೆಗಳ ಸುತ್ತ ಉಣುಗು ಎಣಿಸಿದವರು 1991ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ನೂರರಲ್ಲಿ 67 ಸಿಕ್ಕಿದ್ದು ಮರಗಳ ಕೆಳಗೆ, 22 ಸಿಕ್ಕಿದ್ದು ಕಾಡು ಮತ್ತು ಲಾನ್ ಕೂಡುವ, ಯಾರೂ ಕೈಹಾಕದ ಅಂಚಿನಲ್ಲಿ, 9 ಅಲಂಕಾರದ ಗಿಡಗಳ ಬುಡದಲ್ಲಿ. ಕತ್ತರಿಸಿದ ಹುಲ್ಲಿನ ಮೇಲೆ ಸಿಕ್ಕಿದ್ದು ಬರೀ 2. ಲಾನಿನ ಮೇಲೆ ಕಂಡ ಉಣುಗುಗಳಲ್ಲೂ ಐದರಲ್ಲಿ ನಾಲ್ಕು ಪಾಲು ಅಂಚಿನಿಂದ ಮೂರು ಗಜದೊಳಗೇ ಇದ್ದವು ಎಂದು ಕನೆಕ್ಟಿಕಟ್‌ನವರು ಹೇಳುತ್ತಾರೆ.

ಅಲ್ಲಿನ ಉಣುಗಿನ ಜಾತಿ ಬೇರೆ, ಕಾಯಿಲೆ ಬೇರೆ. ಆದರೆ ಉಣುಗಿನ ಮೈಯ ಗುಣ ಎಲ್ಲ ಕಡೆಯೂ ಒಂದೇ: ಅದಕ್ಕೆ ಒಣಗುವ ಭಯ. ಗಿಡ್ಡಗೆ ಕತ್ತರಿಸಿದ ಹುಲ್ಲಿನ ಮೇಲೆ ನೇರ ಬಿಸಿಲು ಬಿದ್ದರೆ ಅದು ಬಹಳ ಹೊತ್ತು ಬದುಕಲಾರದು. ತರಗೆಲೆಯ ಅಡಿಯಲ್ಲಿ, ಪೊದೆಯ ನೆರಳಲ್ಲಿ, ಕಟ್ಟಿಗೆ ರಾಶಿಯ ತಂಪಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಅದಕ್ಕೆ ರೆಕ್ಕೆಯಿಲ್ಲ, ಅದು ಹಾರದು, ನೆಗೆಯದು, ಮರದ ಮೇಲಿಂದ ಉದುರಿ ಮೈಮೇಲೆ ಬೀಳುವುದೂ ಇಲ್ಲ. ಹುಲ್ಲಿನ ತುದಿಗೆ ಹತ್ತಿ ಮುಂಗಾಲು ಚಾಚಿ ಕಾಯುತ್ತದೆ, ಸೋಕಿ ಹೋದ ಕಾಲನ್ನು ಹಿಡಿದು ಮೇಲೆ ಹತ್ತುತ್ತದೆ.

ಮಂಗನ ಕಾಯಿಲೆಯನ್ನು ಅಭ್ಯಾಸ ಮಾಡಿದವರೂ ಇದೇ ಜಾಗಕ್ಕೆ ಬಂದು ನಿಂತಿದ್ದಾರೆ. ದಟ್ಟ ಕಾಡಿನ ಒಳಗಿಗಿಂತ ಕಾಡು, ತೋಟ, ಗದ್ದೆ, ಮನೆ, ದನದ ಹಾದಿ ಒಂದರೊಳಗೊಂದು ಹೆಣೆದುಕೊಂಡ ಕಡೆ ಮನುಷ್ಯರಿಗೆ ಸೋಂಕಿನ ಅಪಾಯ ಹೆಚ್ಚು ಎಂದು ಇತ್ತೀಚಿನ ವರ್ಷಗಳ ಅಧ್ಯಯನಗಳು ತೋರಿಸಿವೆ. ಕಾಡು ತೆರವಾಗಿ ದನ ಮೇಯಲು ಬಂದದ್ದರಿಂದಲೇ ಉಣುಗು ಹೆಚ್ಚಿತೆಂದು ವಿಜ್ಞಾನಿ ಹೋರ್ಹೆ ಬೊಷೆಲ್ 1969ರಲ್ಲೇ ವಾದಿಸಿದ್ದರು. ರೆಸಾರ್ಟ್ ಕಟ್ಟುವುದೆಂದರೆ ಕಾಡಿಗೆ ಹೊಸದೊಂದು ಅಂಚು ಕೊಡುವುದು. ಅಂಚು ಮಾಡಿದವರೇ ಅಂಚನ್ನು ನೋಡಿಕೊಳ್ಳಬೇಕು ಎಂಬುದಷ್ಟೇ ನನ್ನ ವಾದ.

ಆ ಅಂಚಿನಲ್ಲಿ ನಡೆಯುವುದನ್ನು ಒಂದು ಡಿಸೆಂಬರ್ ಬೆಳಿಗ್ಗೆ ನಿಂತು ನೋಡಿ. ಸಾಗುವಾನಿ, ಮತ್ತಿ ಮರಗಳು ಎಲೆ ಉದುರಿಸುತ್ತಿವೆ. ಅತಿಥಿಗಳು ಏಳುವ ಮುಂಚೆ ಲಾನ್ ಚೊಕ್ಕಟವಾಗಬೇಕು. ಕೆಲಸದವ ಕಸಬರಿಗೆಯಿಂದ ದರಕು ಒಟ್ಟುಮಾಡಿ, ಹಳೆಯ ಸೀರೆಯಲ್ಲಿ ತುಂಬಿ, ಹೊಟ್ಟೆಗೆ ಒತ್ತಿ ಹಿಡಿದು ಲಾನಿನ ಕೊನೆಗೆ ಒಯ್ದು ಸುರಿಯುತ್ತಾನೆ. ಅಲ್ಲಿಂದ ಆಚೆ ಕಾಡು. ದಿನಾ ಸುರಿದು ಸುರಿದು ಅಲ್ಲಿ ಮೊಣಕಾಲೆತ್ತರದ ದಿಬ್ಬ ಎದ್ದಿರುತ್ತದೆ. ಸ್ಪ್ರಿಂಕ್ಲರ್ ನೀರು ಅದರ ಮೇಲೂ ಬಿದ್ದು ಅಡಿಭಾಗ ಸದಾ ಹಸಿ. ಅದರಿಂದ ಎರಡು ಹೆಜ್ಜೆಯಲ್ಲಿ, ನೆರಳು ಚೆನ್ನಾಗಿದೆ ಎಂದು, ಎರಡು ಮರಗಳ ನಡುವೆ ಬಲೆಯ ಜೋಲಿ ಕಟ್ಟಿದ್ದೀರಿ. ಬೇಸಿಗೆಯಲ್ಲಿ ಸುತ್ತಲ ಕಾಡೆಲ್ಲ ಒಣಗಿರುವಾಗ ಉಣುಗಿಗೆ ತಂಪು, ನೆರಳು, ತರಗು ಎಲ್ಲವನ್ನೂ ನೀರು ಹಾಕಿ ಸಾಕಿಕೊಟ್ಟು, ಅದರ ಮುಂದೆಯೇ ಮಗುವನ್ನು ಮಲಗಿಸಿದಂತಾಯಿತು.

ರಾತ್ರಿ ಅಲ್ಲಿಗೆ ಬರುವವರೂ ಇದ್ದಾರೆ. ಒಣಗಿದ ಕಾಡಿನ ನಡುವೆ ಹಸಿರಾಗಿರುವ ನಿಮ್ಮ ಹುಲ್ಲಿಗೆ ಚುಕ್ಕೆ ಜಿಂಕೆ ಬರುತ್ತದೆ, ಬೇಲಿ ಮುರಿದಿದ್ದರೆ ಊರ ದನ ಬರುತ್ತದೆ. ಹಗಲಿನಲ್ಲಿ ಅತಿಥಿಗಳು ಎಸೆಯುವ ಬಾಳೆಹಣ್ಣು, ಚಿಪ್ಸಿಗೆ ಮಂಗಗಳು ಬರುತ್ತವೆ. ಅಡುಗೆಮನೆಯ ಹಿಂದಿನ ಮುಸುರೆಗೆ ಇಲಿ, ಹೆಗ್ಗಣ. ಪ್ರತಿಯೊಂದರ ಮೈಮೇಲೂ ಒಂದಿಷ್ಟು ಉಣುಗು; ಹೊಟ್ಟೆ ತುಂಬಿದವು ಅಲ್ಲೇ ಉದುರುತ್ತವೆ. ನಿಮ್ಮ ಸಾಕು ನಾಯಿಗೆ ಅಂಟುವ ಕಂದು ಉಣುಗಿನ ದಾರಿ ಇನ್ನೊಂದು. ಅದು ಗೋಡೆಯ ಬಿರುಕಿನಲ್ಲಿ, ಮೆಟ್ಟಿಲ ಸಂದಿಯಲ್ಲಿ ಮೊಟ್ಟೆಯಿಡುತ್ತದೆ; ಮನುಷ್ಯರನ್ನು ಕಚ್ಚುವುದು ಅಪರೂಪವಾದರೂ ಉಣುಗು ಟೈಫಸ್ ಎಂಬ ಜ್ವರವನ್ನು ದಾಟಿಸಬಲ್ಲದು.

ನಿಮ್ಮ ಲಾನಿನ ಸ್ಥಿತಿ ತಿಳಿಯಲು ಯಾವ ಲ್ಯಾಬಿಗೂ ಹೋಗಬೇಕಿಲ್ಲ. ಬಿಳಿ ಪಂಚೆಯೊಂದನ್ನು ಒಂದು ಮೀಟರಿನಷ್ಟು ಅಗಲಕ್ಕೆ ಮಡಿಸಿ, ಒಂದು ಕಡೆ ಕೋಲಿಗೆ ಕಟ್ಟಿ. ಬೂಟು ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಂಡು, ಇಬ್ಬನಿ ಆರಿದ ಮೇಲೆ ಅದನ್ನು ಹುಲ್ಲಿನ ಮೇಲೆ ನಿಧಾನವಾಗಿ ಎಳೆಯಿರಿ. ಹತ್ತು ಹೆಜ್ಜೆಗೊಮ್ಮೆ ತಿರುವಿ ನೋಡಿ. ಬಟ್ಟೆಗೆ ಅಂಟಿದ ಕಪ್ಪು ಚುಕ್ಕೆ ನಡೆಯತೊಡಗಿದರೆ ಅದು ಉಣುಗು. ಮೊದಲು ಲಾನಿನ ನಟ್ಟನಡುವೆ ಎಳೆಯಿರಿ, ಆಮೇಲೆ ಅಂಚಿನುದ್ದಕ್ಕೆ, ಆಮೇಲೆ ಜೋಲಿಯ ಕೆಳಗೆ. ವಿಜ್ಞಾನಿಗಳು ಉಣುಗು ಎಣಿಸುವುದೂ ಹೀಗೆಯೇ. ನವೆಂಬರಿನಿಂದ ಹದಿನೈದು ದಿನಕ್ಕೊಮ್ಮೆ ಇದನ್ನು ಮಾಡಿ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಎಲ್ಲಿ ಕುರ್ಚಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ನಿಮಗೇ ಗೊತ್ತಾಗುತ್ತದೆ.

ಇನ್ನು ಮಾಡಬೇಕಾದ ಕೆಲಸ. ಲಾನ್ ಮತ್ತು ಕಾಡಿನ ನಡುವೆ ಒಂದು ಮೀಟರ್ ಅಗಲಕ್ಕೆ ಜಲ್ಲಿ ಹಾಸಿಬಿಡಿ. ಒಣ ಜಲ್ಲಿಯನ್ನು ದಾಟುವುದು ಉಣುಗಿಗೆ ಸುಲಭವಲ್ಲ. ಅತಿಥಿಗಳಿಗೂ ಇಲ್ಲಿಂದ ಆಚೆ ಬೇರೆ ಜಾಗ ಎಂದು ಹೇಳದೆಯೇ ತಿಳಿಯುತ್ತದೆ. ಜೋಲಿ, ಉಯ್ಯಾಲೆ, ಮಕ್ಕಳ ಜಾರುಬಂಡೆ, ಬೆಂಕಿ ಹಾಕುವ ಜಾಗವನ್ನು ಅಂಚಿನಿಂದ ಕನಿಷ್ಠ ಮೂರು ಗಜ ಒಳಕ್ಕೆ, ಬಿಸಿಲು ಬೀಳುವ ಕಡೆಗೆ ತನ್ನಿ. ದರಕನ್ನು ಅಂಚಿಗೆ ಸುರಿಯುವ ಬದಲು ದೂರದಲ್ಲಿ ಗೊಬ್ಬರದ ಗುಂಡಿ ಮಾಡಿ ಹಾಕಿ. ಅಡಿಕೆ ತೋಟದವರಿಗೆ ಕೊಟ್ಟರೆ ಅವರು ಬೇಡ ಎನ್ನುವುದಿಲ್ಲ; ಆದರೆ ಹೊರುವವರಿಗೆ ಕೈಗವಸು, ಬೂಟು ಇರಲಿ. ಕಟ್ಟಿಗೆಯನ್ನು ನೆಲದಿಂದ ಎತ್ತರಿಸಿ, ಬಿಸಿಲಿಗೆ ಪೇರಿಸಿಡಿ. ಸ್ಪ್ರಿಂಕ್ಲರ್ ನೀರು ಅಂಚಿನ ಪೊದೆಗೆ ಬೀಳದಂತೆ ತಿರುಗಿಸಿ. ಬೇಲಿ ಗಟ್ಟಿಯಿರಲಿ. ದನ, ನಾಯಿಗಳಿಗೆ ಪಶುವೈದ್ಯರು ಹೇಳಿದಂತೆ ಉಣುಗಿನ ಔಷಧ ಹಾಕಿಸಿ. ಮಂಗಗಳಿಗೆ ತಿನ್ನಲು ಕೊಡಬಾರದು ಎಂಬ ಬೋರ್ಡು ಹಾಕಿ, ಹಾಕಿದ್ದನ್ನು ಪಾಲಿಸಿ.

ಮಾಡಬಾರದ ಕೆಲಸಗಳೂ ಎರಡಿವೆ. ಉಣುಗು ಎಂಬ ಮಾತು ಕೇಳಿದ್ದೇ ತಡ, ಅಂಗಡಿಯಿಂದ ಸಿಕ್ಕಿದ ಕೀಟನಾಶಕ ತಂದು ಇಡೀ ಲಾನಿಗೆ ಹೊಡೆಯಬೇಡಿ. ಅದು ಮಗುವಿನ ಅಂಗೈಗೆ ಅಂಟುತ್ತದೆ, ಜೇನುನೊಣ ಕೊಲ್ಲುತ್ತದೆ, ಮೊದಲ ಮಳೆಗೆ ಕಾಳಿಗೆ ಇಳಿಯುತ್ತದೆ. ಔಷಧ ಸಿಂಪಡಣೆ ಬೇಕೋ ಬೇಡವೋ, ಬೇಕಾದರೆ ಎಷ್ಟು ಜಾಗಕ್ಕೆ ಎಂಬುದನ್ನು ಆರೋಗ್ಯ ಇಲಾಖೆಯವರನ್ನು ಕೇಳಿ. ಎರಡನೆಯದು, ದರಕಿಗೆ ಬೆಂಕಿ ಹಚ್ಚಬೇಡಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಲ್ಲಿ ಫೆಬ್ರುವರಿಯ ಗಾಳಿಗೆ ಒಂದು ಕಿಡಿ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಯಾರೂ ಹೇಳಲಾರರು.

ಇಷ್ಟು ಹೊತ್ತು ಅತಿಥಿಯ ಮಾತಾಡಿದೆ. ನಿಜವಾಗಿ ಉಣುಗು ಮೊದಲು ಕಚ್ಚುವುದು ಅತಿಥಿಯನ್ನಲ್ಲ. ಅವರು ಎರಡು ದಿನ ಇದ್ದು ಹೋಗುತ್ತಾರೆ. ಆ ದರಕನ್ನು ವಾರವಿಡೀ ಹೊಟ್ಟೆಗೆ ಒತ್ತಿ ಒಯ್ಯುವವರು, ಬ್ರಷ್ ಕಟರ್ ಹಿಡಿದು ಅಂಚು ಸವರುವವರು, ಟ್ರೆಕ್ಕಿಂಗಿಗೆ ಮುಂದೆ ನಡೆದು ದಾರಿ ತೋರಿಸುವವರು, ಬೆಂಕಿಗೆ ಕಟ್ಟಿಗೆ ತರುವವರು ನಿಮ್ಮ ಕೆಲಸಗಾರರು. ಸುತ್ತಲಿನ ಹಾಡಿ, ವಾಡೆಗಳ ಸಿದ್ದಿ, ಕುಣಬಿ, ಗೌಳಿ ಮನೆಗಳಿಂದ ಬರುವ ಅಕ್ಕ, ಅಣ್ಣ, ತಮ್ಮಂದಿರು. ಕೆಲಸ ಮುಗಿಸಿ ಮನೆಗೆ ಹೋದರೆ ಅಲ್ಲೂ ಕೊಟ್ಟಿಗೆ, ಕಟ್ಟಿಗೆ, ಕಾಡು. ಅವರಿಗೆ ನೀವು ಲೋಗೋ ಮುದ್ರಿಸಿದ ಟೀ ಶರ್ಟ್ ಕೊಟ್ಟಿದ್ದೀರಿ. ಜೊತೆಗೆ ಗಂಬೂಟು, ಕೈಗವಸು, ಪೂರ್ತಿ ತೋಳಿನ ಅಂಗಿ ಕೊಡಿ. ಆರೋಗ್ಯ ಇಲಾಖೆ ಮಂಗನ ಕಾಯಿಲೆಯ ಊರುಗಳಲ್ಲಿ ಡೆಪಾ ತೈಲ ಹಂಚುತ್ತದೆ. ಡಿಆರ್‌ಡಿಒ ಸಿದ್ಧಪಡಿಸಿದ ಕೀಟ ವಿಕರ್ಷಕ ಅದು. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಅದರ ಪರಿಣಾಮ ಕೆಲವೇ ಗಂಟೆ ಇರುವುದರಿಂದ ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದ ಕೆಲಸಕ್ಕೆ ಸಾಲದು. ಕೆಲಸ ಮುಗಿದ ಮೇಲೆ ಬಿಸಿನೀರಿನ ಸ್ನಾನಕ್ಕೆ ಒಂದು ಬಚ್ಚಲು, ಬಟ್ಟೆ ಬದಲಿಸಲು ಒಂದು ಕೋಣೆ ಬಿಟ್ಟುಕೊಡಿ. ಅತಿಥಿಗಳಿಗೆ ಈಜುಕೊಳ ಕಟ್ಟಿದವರಿಗೆ ಇದು ದೊಡ್ಡ ಖರ್ಚಲ್ಲ.

ಮತ್ತೊಂದು ಮಾತು, ಜ್ವರ ಬಂದ ದಿನ ಸಂಬಳ ಹಿಡಿಯಬೇಡಿ. ಕೂಲಿ ಹೋಗುತ್ತದೆ ಎಂದು ಗುಳಿಗೆ ನುಂಗಿ ಕೆಲಸಕ್ಕೆ ಬಂದವರು ಆಸ್ಪತ್ರೆ ಸೇರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಈ ವೈರಸ್ಸನ್ನು ಕೊಲ್ಲುವ ಮದ್ದಿಲ್ಲ. ಬೇಗ ಆಸ್ಪತ್ರೆ ಸೇರಿ, ನೀರಿನಂಶ, ರಕ್ತದೊತ್ತಡ, ರಕ್ತಸ್ರಾವ ನೋಡಿಕೊಳ್ಳುವ ಆರೈಕೆಯೇ ಜೀವ ಉಳಿಸುವುದು. ಮೊದಲು ಕೊಡುತ್ತಿದ್ದ ಲಸಿಕೆಯನ್ನೂ ಅದರ ಸತ್ವ ಸಾಲದೆಂದು 2022ರಲ್ಲಿ ನಿಲ್ಲಿಸಲಾಗಿದೆ. ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಹೊಸದರ ತಯಾರಿಗೆ ಕೈಹಾಕಿವೆ. ಅದು ಊರೂರಿಗೆ ಬರುವ ತನಕ ಬೂಟು, ತೈಲ, ಸ್ನಾನ, ಎಚ್ಚರ ಇವೇ ನಮ್ಮ ಲಸಿಕೆ.

ಈಗ ನಿಮಗೆ ಕಷ್ಟವೆನಿಸುವ ಮಾತಿಗೆ ಬರುತ್ತೇನೆ. ಅತಿಥಿಗಳಿಗೆ ಇದನ್ನೆಲ್ಲ ಹೇಳಿಬಿಡಬೇಕು. ಹೇಳಿದರೆ ಬುಕಿಂಗ್ ಕ್ಯಾನ್ಸಲ್ ಮಾಡುತ್ತಾರೆ, ಪಕ್ಕದವನು ಹೇಳದೆ ಸುಮ್ಮನಿದ್ದರೆ ಗಿರಾಕಿ ಅವನ ಪಾಲಾಗುತ್ತದೆ ಎಂಬ ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಒಂದು ಲೆಕ್ಕ ಹಾಕಿ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ ಬರುತ್ತದೆ. ಶನಿವಾರ ನಿಮ್ಮ ಲಾನಿನಲ್ಲಿ ಮಲಗಿದ್ದವರು ಮುಂದಿನ ಗುರುವಾರ ಹುಬ್ಬಳ್ಳಿಯ ಆಸ್ಪತ್ರೆಯಲ್ಲೋ ಬೆಂಗಳೂರಿನ ಕ್ಲಿನಿಕ್ಕಿನಲ್ಲೋ ಇರುತ್ತಾರೆ. ಏಕಾಏಕಿ ಚಳಿಜ್ವರ, ವಿಪರೀತ ತಲೆನೋವು, ಸೊಂಟ ಕಾಲು ಒಡೆದು ಹೋಗುವಂಥ ಮೈಕೈ ನೋವು, ಕೆಂಪು ಕಣ್ಣು. ಡಾಕ್ಟರು ಡೆಂಗಿಗೆ ರಕ್ತ ಪರೀಕ್ಷೆ ಬರೆಯುತ್ತಾರೆ. ಡೆಂಗಿ ಇಲ್ಲವೆಂದು ಬರುತ್ತದೆ. ಮುಂದೇನು ಎಂದು ಯೋಚಿಸುವ ಡಾಕ್ಟರಿಗೆ ದಾಂಡೇಲಿಯ ಕಾಡು ನೆನಪಾಗಬೇಕಾದರೆ ರೋಗಿ ಬಾಯಿಬಿಟ್ಟು ಹೇಳಬೇಕು. ರೋಗಿ ಹೇಳಬೇಕಾದರೆ ನೀವು ಅವರಿಗೆ ಮೊದಲೇ ಹೇಳಿರಬೇಕು.

ಇದು ಬರೀ ಊಹೆಯಲ್ಲ. 2016ರಲ್ಲಿ ಗೋವಾದ ಗೇರು ತೋಟಗಳಲ್ಲಿ ದುಡಿಯಲು ಹೋದ ಬೆಳಗಾವಿ ಸೀಮೆಯ ಕೂಲಿಕಾರರಿಗೆ ಮಂಗನ ಕಾಯಿಲೆ ತಗಲಿತು. ಉಣುಗು ಕಚ್ಚುವುದು ಒಂದು ಕಡೆ, ಜ್ವರದಿಂದ ಮಲಗುವುದು ಇನ್ನೊಂದು ಕಡೆ. ಎಲ್ಲಿಗೆ ಹೋಗಿದ್ದಿರಿ, ಏನು ಕೆಲಸ ಮಾಡಿದಿರಿ ಎಂದು ಕೇಳಿದಾಗಲೇ ಇಂಥದ್ದರ ಎಳೆ ಸಿಗುವುದು.

ಆದ್ದರಿಂದ ನನ್ನದೊಂದು ಸಲಹೆ. ಚೆಕ್‌ಔಟ್ ಆದ ದಿನ ನೀವು ಎಲ್ಲರಿಗೂ ವಾಟ್ಸ್ಆ್ಯಪ್‌ನಲ್ಲಿ ಧನ್ಯವಾದ ಕಳಿಸುತ್ತೀರಿ, ರಿವ್ಯೂ ಬರೆಯಿರಿ ಎಂದು ಲಿಂಕ್ ಕೊಡುತ್ತೀರಿ. ಅದರ ಕೆಳಗೆ ಮೂರು ಸಾಲು ಸೇರಿಸಿ: "ನೀವು ಉಣುಗು ಇರುವ ಕಾಡಿನ ಸೀಮೆಗೆ ಬಂದು ಹೋಗಿದ್ದೀರಿ. ಈ ರಾತ್ರಿ ಮೈಯೆಲ್ಲ ಒಮ್ಮೆ ನೋಡಿಕೊಳ್ಳಿ, ಮಕ್ಕಳ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂದೆ ಮರೆಯದೆ ನೋಡಿ. ಎರಡು ವಾರದೊಳಗೆ ಜ್ವರ ಬಂದರೆ ಉತ್ತರ ಕನ್ನಡದ ಕಾಡಿನ ಊರಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಮೊದಲೇ ಹೇಳಿ." ಇಷ್ಟು ಓದಿ ಯಾರೂ ನಿಮಗೆ ಒಂದು ಸ್ಟಾರ್ ಕಡಿಮೆ ಕೊಡುವುದಿಲ್ಲ. ನಾಲ್ಕೂ ತಾಲ್ಲೂಕುಗಳವರು ಸೇರಿ ಒಂದೇ ಒಕ್ಕಣೆಯಲ್ಲಿ ಕಳಿಸಿದರೆ ಪಕ್ಕದವನ ಭಯವೂ ಉಳಿಯದು.

ರಿಸೆಪ್ಶನ್ನಿನಲ್ಲಿ ಒಂದು ಮೊನಚು ಚಿಮಟ ಇಟ್ಟುಕೊಳ್ಳಿ. ಉಣುಗು ಕಚ್ಚಿ ಹಿಡಿದಿದ್ದರೆ ಅದರಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆ ಎಳೆಯಬೇಕು. ಕಚ್ಚಿದ ಜಾಗವನ್ನು ಸೋಪು ನೀರಿನಿಂದ ತೊಳೆಯಬೇಕು. ಸೀಮೆಎಣ್ಣೆ, ಸುಣ್ಣ, ತಂಬಾಕಿನ ರಸ, ಊದುಬತ್ತಿಯ ಕಿಡಿ ಯಾವುದೂ ಬೇಡ. ಬರಿ ಬೆರಳಲ್ಲಿ ಹಿಸುಕುವುದೂ ಬೇಡ.

ನಿಮ್ಮ ಆವರಣದಲ್ಲಿ ಅಥವಾ ಹತ್ತಿರದಲ್ಲಿ ಮಂಗ ಸತ್ತು ಬಿದ್ದರೆ ಅದನ್ನು ಮುಚ್ಚಿಡಬೇಡಿ. ಅತಿಥಿಗಳು ಏಳುವ ಮುಂಚೆ ಎಳೆದು ಹಳ್ಳಕ್ಕೆ ಹಾಕಿಸುವುದು ಎಲ್ಲಕ್ಕಿಂತ ಅಪಾಯದ ಕೆಲಸ. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿನ ಉಣುಗುಗಳೆಲ್ಲ ಇಳಿದು ಸುತ್ತಲ ನೆಲಕ್ಕೆ ಹರಡುತ್ತವೆ. ಎಳೆದವನಿಗೂ ಅವೇ ಹತ್ತುತ್ತವೆ. ಯಾರನ್ನೂ ಹತ್ತಿರ ಬಿಡದೆ ಆರೋಗ್ಯ ಇಲಾಖೆ, ಅರಣ್ಯ ಇಲಾಖೆ, ಪಶುಪಾಲನಾ ಇಲಾಖೆಗೆ ಕೂಡಲೇ ತಿಳಿಸಿ. 104ಕ್ಕೆ ಫೋನ್ ಮಾಡಿದರೂ ಆದೀತು. ಅವರು ಬಂದು ಪರೀಕ್ಷೆಗೆ ಮಾದರಿ ತೆಗೆದು, ಸುತ್ತ 50 ಮೀಟರ್ ವ್ಯಾಪ್ತಿಗೆ ಕೀಟನಾಶಕ ಪುಡಿ ಹಾಕುತ್ತಾರೆ. ಮನುಷ್ಯರಿಗಿಂತ ಮುಂಚೆ ಸತ್ತು ಮಂಗ ನಮಗೆ ಎಚ್ಚರಿಕೆ ಕೊಡುತ್ತದೆ. ಕಾಯಿಲೆಗೆ ಅದರ ಹೆಸರಿದ್ದ ಮಾತ್ರಕ್ಕೆ ಮಂಗಗಳನ್ನು ಹೊಡೆದು ಓಡಿಸುವವರಿಗೆ ನೀವೇ ಬುದ್ಧಿ ಹೇಳಿ. ಮನುಷ್ಯರಿಂದ ಮನುಷ್ಯರಿಗೂ ಇದು ಹರಡುವುದಿಲ್ಲ; ಜ್ವರ ಬಂದ ಕೆಲಸಗಾರರನ್ನು ದೂರ ಇಡಬೇಕಾಗಿಲ್ಲ.

ಈ ಪತ್ರ ನಿಮ್ಮ ಹೆಸರಿಗೆ ಬರೆದಿದ್ದರೂ ಇನ್ನೂ ಕೆಲವರು ಓದಲಿ ಎಂಬ ಆಸೆಯಿದೆ. ಮುಂಡಗೋಡದ ಟಿಬೆಟನ್ ಕ್ಯಾಂಪಿನ ಮಠಗಳಲ್ಲೂ ಚೆಂದದ ಉದ್ಯಾನಗಳಿವೆ, ದೂರದೂರದಿಂದ ಬಂದ ಎಳೆಯ ಭಿಕ್ಷುಗಳು ಅಲ್ಲಿ ಆಡುತ್ತಾರೆ. ಅತ್ತಿವೇರಿ ಪಕ್ಷಿಧಾಮಕ್ಕೆ ಶಾಲೆಯ ಮಕ್ಕಳು ಪ್ರವಾಸ ಬರುತ್ತಾರೆ. ಹಳಿಯಾಳದ ಕಾಲೇಜು ಆವರಣಗಳಲ್ಲಿ, ದಾಂಡೇಲಿಯ ಕಾಗದ ಕಾರ್ಖಾನೆಯ ಕಾಲೊನಿಗಳಲ್ಲಿ, ಮೌಳಂಗಿಯ ಇಕೋ ಪಾರ್ಕಿನಲ್ಲಿ ಹುಲ್ಲಿದೆ, ಅಂಚಿದೆ, ಮಂಗಗಳಿವೆ. ಅವನ್ನೆಲ್ಲ ನೋಡಿಕೊಳ್ಳುವ ಆಡಳಿತದವರು, ನಗರಸಭೆ, ಪುರಸಭೆ, ಪಂಚಾಯ್ತಿಯವರು ತಮ್ಮ ಪೌರಕಾರ್ಮಿಕರಿಗೂ, ಮಾಲಿಗಳಿಗೂ ಇದೇ ಬೂಟು, ಇದೇ ತೈಲ ಕೊಡಲಿ. ಉಲವಿಯ ದಾರಿಯಲ್ಲಿ ಚಕ್ಕಡಿಗಳು ಬಿಡಾರ ಹೂಡುವ ಕಡೆ ದರಕು ತೆಗೆಸಿ, ಎತ್ತುಗಳ ಉಣುಗಿಗೆ ಔಷಧ ಹಾಕುವ ಏರ್ಪಾಡನ್ನು ಪಶು ಆಸ್ಪತ್ರೆಗಳೊಂದಿಗೆ ಮಾಡಲಿ.

ಲಾನ್ ಕಿತ್ತು ಹಾಕಿ ಎಂದು ನಾನು ಹೇಳುತ್ತಿಲ್ಲ. ಬಿಸಿಲು ಬೀಳುವ ಗಿಡ್ಡ ಹುಲ್ಲು ಮಕ್ಕಳು ಆಡುವುದಕ್ಕೆ ಒಳ್ಳೆಯ ಜಾಗವೇ. ಆ ಜಾಗ ಅಂಚಿನ ತನಕ ಹಾಗೇ ಇರುವಂತೆ ನೋಡಿಕೊಳ್ಳಿ ಎಂದಷ್ಟೇ ಕೇಳುತ್ತಿದ್ದೇನೆ. ನವೆಂಬರ್ ಬರುವುದರೊಳಗೆ ಮೂರು ಕೆಲಸ ಆಗಲಿ: ಅಂಚಿನ ದರಕು ತೆಗೆದು ಜಲ್ಲಿ ಹಾಸಿ, ಕೆಲಸಗಾರರಿಗೆ ಬೂಟು, ತೈಲ ಕೊಡಿ, ಅತಿಥಿಗಳಿಗೆ ಕಳಿಸುವ ಆ ಮೂರು ಸಾಲು ಬರೆದಿಟ್ಟುಕೊಳ್ಳಿ. ನಿಮ್ಮಲ್ಲೊಬ್ಬರು ಶುರು ಮಾಡಿದರೆ ಉಳಿದವರು ಮಾಡದೆ ಇರಲಾರರು. ದಯವಿಟ್ಟು ಆ ಮೊದಲನೆಯವರು ನೀವಾಗಿ.

ಇಂತಿ,
ಇದೇ ಕಾಡಿನ ಮಗ್ಗುಲಲ್ಲಿ ಬದುಕುವ ನಿಮ್ಮವನೊಬ್ಬ